ಮಂಜರಾಬಾದಿನ ಕೋಟೆಯೂ ಪರಸಹಾಯವೂ

ರಾಜ್ಯಕ್ಕೆ ಅಂಗಗಳು ಏಳೆಂದು ನಮ್ಮ ಪ್ರಾಚೀನರು ಎಣಿಸಿರುವರು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ಓಲೆಯ ಪ್ರತಿಯನ್ನು ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕ್ರಮವು ಸುಮ್ಮನೆ ಬಂದುದಲ್ಲ. ಹಿಂದಣ ಅಂಗಕ್ಕೆ ಬಂದ ವಿಪತ್ತು ಮುಂದಣದರ ವಿಪತ್ತಿಗಿಂತ ಘೋರವಾದುದೆಂದು ಗ್ರಂಥಕಾರನು ವಾದಿಸಿ ಸ್ಥಾಪಿಸುತ್ತಾನೆ. ಮಿತ್ರನಿಗೆ ಕೊನೆಯ ಸ್ಥಾನ. ಕೋಟೆ ಬೊಕ್ಕಸ ದಂಡುಗಳೆಲ್ಲ ಆದ ಮೇಲೆ ಅವನ ಸರದಿ.

ಈ ಕ್ರಮವು ಸರಿಯೇ ಎಂಬುದು ಇಂದು ಬರಿಯ ಪಂಡಿತರ ಪ್ರಶ್ನೆಯಾಗಿ ಉಳಿದಿಲ್ಲ. 2022ರ ಫೆಬ್ರವರಿ 24ರಂದು ರಷ್ಯದ ದಂಡು ಉಕ್ರೇನಿನೊಳಕ್ಕೆ ನುಗ್ಗಿದಂದಿನಿಂದ, ಸಣ್ಣ ರಾಜ್ಯವೊಂದು ತನ್ನ ಸ್ವಂತ ಬಲದಿಂದ ಎಷ್ಟು ಕಾಲ ನಿಲ್ಲಬಲ್ಲದು, ಹೊರಗಿನವರು ಕೊಡುವ ಫಿರಂಗಿ ಮದ್ದುಗುಂಡುಗಳಿಂದ ಅದರ ಆಯಸ್ಸು ಹೆಚ್ಚುವುದೋ ಸಾಲ ಹೆಚ್ಚುವುದೋ, ಎಂದು ಪತ್ರಿಕೆಗಳಲ್ಲಿಯೂ ಜಗಲಿಗಳಲ್ಲಿಯೂ ಚರ್ಚೆ ನಡೆದಿದೆ. ನಮ್ಮ ಸಕಲೇಶಪುರ ಆಲೂರು ಸೀಮೆಯ ಕಾಫಿಯ ಕಣಗಳಲ್ಲಿಯೂ ಈ ಮಾತು ಕೇಳಿಬರುವುದುಂಟು. ಗೊಬ್ಬರದ ಬೆಲೆ ಏರಿದಾಗ ಆ ದೂರದ ಯುದ್ಧವು ಇಲ್ಲಿಗೂ ತಟ್ಟಿತಷ್ಟೆ. ಆದರೆ ಇದೇ ವಾದವು ಇಂದಿಗೆ ಇನ್ನೂರು ವರ್ಷಗಳ ಹಿಂದೆ ಇದೇ ಬೆಟ್ಟಗಳಲ್ಲಿ, ಮಾತಿನಲ್ಲಲ್ಲದೆ ರಕ್ತದಲ್ಲಿ ನಡೆದುಹೋಯಿತೆಂಬುದು ನಮ್ಮವರಲ್ಲಿ ಅನೇಕರ ನೆನಪಿನಲ್ಲಿಲ್ಲ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ನಾಲ್ಕು ಮೈಲಿಯಷ್ಟು ಹೋದರೆ, ದೋಣಿಗಾಲ್ ಬಳಿ, ಎಡಗಡೆಯ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದಿನ ಕೋಟೆಯಿದೆ. ಸಮುದ್ರಮಟ್ಟಕ್ಕೆ 3,200 ಅಡಿಗಳಿಗೆ ಮೇಲ್ಪಟ್ಟ ಎತ್ತರ. ನಮ್ಮ ನಾಡಿನ ಕೋಟೆಗಳು ಸಾಮಾನ್ಯವಾಗಿ ಬಂಡೆಯ ಬಳುಕನ್ನು ಅನುಸರಿಸಿ ಸುತ್ತುವುವು. ಇದು ಹಾಗಲ್ಲ, ನೆಲದ ಮೇಲೆ ರೇಖಾಗಣಿತದ ಚಿತ್ರವನ್ನು ಬರೆದು ಅದನ್ನೇ ಕಲ್ಲಿನಲ್ಲಿ ಎಬ್ಬಿಸಿದಂತೆ, ಎಂಟು ಮೂಲೆಗಳ ನಕ್ಷತ್ರಾಕಾರ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ವೋಬಾನ್ ಎಂಬ ಶಿಲ್ಪಿಯು ಪೂರ್ಣತೆಗೆ ತಂದ ಪದ್ಧತಿಯಿದು. ದುಂಡನೆಯ ಕೊತ್ತಲದ ಬುಡದಲ್ಲಿ ಶತ್ರುವು ಗುಂಡಿಗೆ ಮರೆಯಾಗಿ ನಿಲ್ಲಲು ಸ್ವಲ್ಪ ಸ್ಥಳ ಉಳಿಯುತ್ತದೆ. ನಕ್ಷತ್ರದ ಮೂಲೆಗಳಾದರೋ ಒಂದು ಇನ್ನೊಂದರ ಬುಡವನ್ನು ಕಾಯುವುವು. ಯಾವ ಗೋಡೆಯ ಕೆಳಗೂ ಮರೆಯೆಂಬುದಿಲ್ಲ. ಒಳಗೆ ಶಿಲುಬೆಯ ಆಕಾರದ ಮೆಟ್ಟಿಲುಗೊಳವೂ, ನೆಲದೊಳಗೆ ಅರ್ಧ ಹುದುಗಿದ ಎರಡು ಮದ್ದಿನ ಮನೆಗಳೂ ಇವೆ. ಬಿರುಬೇಸಗೆಯಲ್ಲಿಯೂ ಅವುಗಳೊಳಗೆ ತಣ್ಪು ಆರುವುದಿಲ್ಲ. ಇಂತಹ ಮಳೆಯ ನಾಡಿನಲ್ಲಿ ಮದ್ದನ್ನು ಒಣಗಿರಿಸುವುದು ಎಷ್ಟು ಕಷ್ಟವೆಂದು ಮಳೆಗಾಲದಲ್ಲಿ ಉಪ್ಪಿನ ಮರಿಗೆಯನ್ನು ಕಂಡವರಿಗೆ ಬೇರೆ ಹೇಳಬೇಕಾದುದಿಲ್ಲ.

ಈ ಕೋಟೆಯನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನನು. ಅದು ಪೂರ್ಣವಾದುದು 1792ರ ಹೊತ್ತಿಗೆ. ಮಂಜು ಮುಸುಕಿದ ಗುಡ್ಡವನ್ನು ಕಂಡು ಅವನು ಈ ಹೆಸರನ್ನಿಟ್ಟನೆಂದು ಜನರು ಹೇಳುವರು. ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆಯೆಂದೂ ಹೇಳುವರು. ಮೊದಲನೆಯದನ್ನು ನಂಬುವುದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದನ್ನು, ಹೇಮಾವತಿಯನ್ನೂ ನಡುವಿನ ಎಪ್ಪತ್ತೆಂಬತ್ತು ಮೈಲಿಗಳನ್ನೂ ನೆನೆದು, ಬಿಟ್ಟುಬಿಡುವುದೇ ಲೇಸು. ಕೋಟೆಯ ನಿಜವಾದ ಪ್ರಯೋಜನವು ಅದರ ಎದುರಿಗೇ ಕಾಣುತ್ತದೆ. ಕರಾವಳಿಯಿಂದ ಘಟ್ಟವನ್ನೇರಿ ಬರುವ ದಾರಿಯು ಅದರ ಕಣ್ಣಿನ ಕೆಳಗಿದೆ. ಮಂಗಳೂರು ಟಿಪ್ಪುವಿಗೆ ಹೊರಲೋಕದ ಬಾಗಿಲಾಗಿತ್ತು. ಕುದುರೆ, ಗಂಧಕ, ಕುಶಲ ಕೆಲಸಗಾರರು, ಕೊನೆಗೆ ಪರದೇಶದ ಸೈನಿಕರು ಬರುವುದಾದರೂ ಆ ಬಾಗಿಲಿನಿಂದಲೇ ಬರಬೇಕು. ಪರದೇಶದ ಶಿಲ್ಪದಿಂದ ಪರಸಹಾಯದ ದಾರಿಯನ್ನು ಕಾಯಲು ಕಟ್ಟಿದ ಕೋಟೆಯಿದು.

ಆ ಸಹಾಯವು ಬಂದಿತೇ?

ಟಿಪ್ಪುವಿಗೆ ಮೊದಲ ಪಾಠವು 1783ರಲ್ಲಿಯೇ ಆಗಿತ್ತು. ಮಂಗಳೂರಿನ ಕೋಟೆಯೊಳಗೆ ಇಂಗ್ಲಿಷರನ್ನು ಮುತ್ತಿ ಕುಳಿತಿದ್ದಾಗ ಅವನ ಜೊತೆಯಲ್ಲಿ ಫ್ರೆಂಚರ ತುಕಡಿಯೊಂದು ಇದ್ದಿತು. ಯೂರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾಯಿತೆಂಬ ವರ್ತಮಾನವು ತಲುಪಿದೊಡನೆ ಆ ತುಕಡಿಯು ಮುತ್ತಿಗೆಯಿಂದ ಹಿಂದೆಗೆಯಿತು. ಸುಲ್ತಾನನು ಎಷ್ಟು ಕೋಪಿಸಿದರೂ ಅವರು ಕೋವಿ ಎತ್ತಲಿಲ್ಲ. ಅವರನ್ನು ದ್ರೋಹಿಗಳೆಂದು ಬಯ್ದವರು ಬಹಳ ಜನ. ನಮಗಾದರೋ ಹಾಗೆ ತೋರುವುದಿಲ್ಲ. ಅವರು ತಮ್ಮ ದೊರೆಯ ದಂಡಿನವರು. ದೊರೆಯ ಯುದ್ಧ ಮುಗಿದರೆ ಅವರ ಯುದ್ಧವೂ ಮುಗಿಯಿತು. 1784ರ ಮಾರ್ಚಿ 11ರ ಮಂಗಳೂರಿನ ಒಪ್ಪಂದವನ್ನು ಟಿಪ್ಪು ತನ್ನ ಬಲದಿಂದಲೇ, ಫ್ರೆಂಚರ ಹಂಗಿಲ್ಲದೆ, ಮಾಡಿಕೊಂಡನು. ಅವನ ಆಳಿಕೆಯಲ್ಲಿ ಕುಂಪಣಿಯೊಡನೆ ಸರಿಸಮನಾಗಿ ಕುಳಿತು ಬರೆದ ಒಪ್ಪಂದವು ಅದೊಂದೇ.

ಆದರೂ ಆಸೆ ಬಿಡಲಿಲ್ಲ. 1785ರ ಕೊನೆಯಲ್ಲಿ ಒಂದು ರಾಯಭಾರವು ತುರ್ಕಿಯ ಸುಲ್ತಾನನ ಕಾನ್‌ಸ್ಟಾಂಟಿನೋಪಲಿಗೆ ಹೊರಟಿತು. ನೂರಾರು ಪರಿವಾರದೊಡನೆ ಹೋದ ಆ ಮೇಳದಲ್ಲಿ ರೋಗ, ನೌಕಾಭಂಗ, ಚಳಿಗಳಿಗೆ ತುತ್ತಾಗಿ ತಿರುಗಿ ಬಂದವರು ಕೆಲವರು ಮಾತ್ರ. 1787ರಲ್ಲಿ ಪುದುಚೇರಿಯಿಂದ ಮತ್ತೊಂದು ರಾಯಭಾರವು ಫ್ರಾನ್ಸಿಗೆ ಹಡಗೇರಿತು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಜೂನಿನಲ್ಲಿ ತೂಲೋನ್ ರೇವಿನಲ್ಲಿಳಿದು, ಆಗಸ್ಟ್ 10ರಂದು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತರು. ಪ್ಯಾರಿಸಿನ ಜನರು ಅವರ ಮಸ್ಲಿನ್ ಉಡುಪನ್ನೂ ಮುಂಡಾಸುಗಳನ್ನೂ ನೋಡಲು ಮುಗಿಬಿದ್ದರು. ಬೇಡಿದ್ದು ಸೈನ್ಯ, ಸಿಕ್ಕಿದ್ದು ಉಪಚಾರ, ಪಿಂಗಾಣಿ, ಒಂದಷ್ಟು ಕುಶಲಕರ್ಮಿಗಳು. ಆ ದೊರೆಯ ಬೊಕ್ಕಸವು ಅಮೆರಿಕದವರಿಗೆ ಸಹಾಯ ಮಾಡಿಯೇ ಬರಿದಾಗಿದ್ದಿತು. ಮರುವರ್ಷ ಅವನ ರಾಜಧಾನಿಯಲ್ಲಿಯೇ ಕ್ರಾಂತಿಯೆದ್ದಿತು. ಸಹಾಯ ಮಾಡುವವನಿಗೂ ಸ್ವಂತ ಮನೆಯೊಂದುಂಟು, ಅಲ್ಲಿಯೂ ಬೆಂಕಿ ಬೀಳಬಹುದು ಎಂಬುದು ಬೇಡುವವನ ಲೆಕ್ಕಕ್ಕೆ ಬರುವುದು ಅಪರೂಪ.

ಆ ಕಡೆ ಅವನ ಶತ್ರುಗಳು ಸಹಾಯಕರನ್ನು ಹತ್ತಿರದಲ್ಲಿಯೇ ಹುಡುಕಿದರು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಜೊತೆಗೆ ನಿಜಾಮನ ದಂಡು, ಪರಶುರಾಮ ಭಾವೂ ಮತ್ತು ಹರಿಪಂತ ಫಡಕೆಯರ ಕೈಕೆಳಗಿನ ಮರಾಠರ ದಂಡುಗಳು, ಮಲೆಯಾಳದಿಂದ ಕೊಡಗಿನ ಮೂಲಕ ಬಂದ ಬೊಂಬಾಯಿಯ ದಂಡು, ಎಲ್ಲವೂ ಕೂಡಿದುವು. 1791ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದೂ ಕಾರ್ನ್‌ವಾಲಿಸನು ಹಿಂದಿರುಗಬೇಕಾಯಿತು. ಎತ್ತುಗಳು ಸತ್ತು, ಧಾನ್ಯ ತೀರಿ, ಭಾರಿಯ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿದನು. ಆಗ ಅವನನ್ನು ಉಳಿಸಿದುದು ಮರಾಠರ ಬಿಡಾರದ ಬಜಾರು. ಎತ್ತು, ರಾಗಿ, ಅಕ್ಕಿ: ಪರಸಹಾಯವೆಂದರೆ ಮೊದಲು ಇವು.

ಇಲ್ಲಿ ನಮ್ಮ ಬೆಟ್ಟಗಳ ಪಾತ್ರವು ಪ್ರವೇಶಿಸುತ್ತದೆ. ಇಂದಿನ ಸಕಲೇಶಪುರ ತಾಲ್ಲೂಕನ್ನೂ ಅದರ ನೆರೆಯನ್ನೂ ಹಿಂದೆ ಬಲಂ ಸೀಮೆಯೆಂದು ಕರೆಯುತ್ತಿದ್ದರು. ವಿಜಯನಗರದ ಕಾಲದಿಂದಲೂ ಬೇಲೂರಿನಲ್ಲಿದ್ದ ನಾಯಕರ ಮನೆತನವು, ಚಿಕ್ಕದೇವರಾಜ ಒಡೆಯರ ದಂಡು 1690ರಲ್ಲಿ ಬೇಲೂರನ್ನು ತೆಗೆದುಕೊಂಡ ಮೇಲೆ ಪಡುವಲ ಬೆಟ್ಟಗಳಿಗೆ ಸರಿಯಿತು. 1694ರಲ್ಲಿ ಮೈಸೂರಿಗೂ ಇಕ್ಕೇರಿಗೂ ಒಪ್ಪಂದವಾದಾಗ ಇಲ್ಲಿಯ ಆರು ನಾಡುಗಳು ಆ ಮನೆತನಕ್ಕೆ ಉಳಿದುವು. ಐಗೂರು ಅವರ ನೆಲೆ. ಪೂರ್ವದಲ್ಲಿ ಮೈಸೂರು, ಉತ್ತರದಲ್ಲಿ ಇಕ್ಕೇರಿ, ದಕ್ಷಿಣದಲ್ಲಿ ಕೊಡಗು. ಮೂರು ದೊಡ್ಡವರ ನಡುವೆ ಬದುಕಿದ ಸಣ್ಣವರು ಅವರು. ಇಂಥವರಿಗೆ ಯಾರ ಸಹಾಯವನ್ನು ಯಾವಾಗ ಪಡೆಯಬೇಕು, ಯಾವಾಗ ಬಿಡಬೇಕು ಎಂಬುದೇ ರಾಜನೀತಿ.

1792ರಲ್ಲಿ ಕಾರ್ನ್‌ವಾಲಿಸನು ಎರಡನೆಯ ಬಾರಿ ಶ್ರೀರಂಗಪಟ್ಟಣದ ಮೇಲೆ ಬರುತ್ತಿದ್ದಾಗ, ಬಲಮಿನ ಕೃಷ್ಣಪ್ಪನಾಯಕನು ಪರಶುರಾಮ ಭಾವೂವಿನ ದಂಡನ್ನು ಸೇರಿದನು. ಸುಲ್ತಾನನು ಸೋತರೆ ತನ್ನ ನಾಡುಗಳು ಮತ್ತೆ ತನ್ನವಾಗುವುವೆಂಬ ಎಣಿಕೆ. ಸುಲ್ತಾನನು ಸೋತದ್ದು ನಿಜ. ಮಾರ್ಚಿಯಲ್ಲಿ ಒಪ್ಪಂದವಾಯಿತು, ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯೂ ಗೆದ್ದವರಿಗೆ ಹೋಯಿತು, ಇಬ್ಬರು ರಾಜಕುಮಾರರು ಒತ್ತೆಯಾದರು. ಆದರೆ ಬಲಂ ಸೀಮೆಯು ಟಿಪ್ಪುವಿನ ಪಾಲಿನ ಅರ್ಧದಲ್ಲಿಯೇ ಉಳಿಯಿತು! ದೊಡ್ಡವರು ನಕ್ಷೆಯ ಮೇಲೆ ಗೆರೆಯೆಳೆಯುವಾಗ ತಮಗೆ ಸಹಾಯ ಮಾಡಿದ ಸಣ್ಣವನ ನೆನಪು ಅವರಿಗೆ ಬರಲಿಲ್ಲ. ನಾಯಕನು ಹೆದರಿ ಕೊಡಗಿಗೆ ಓಡಿದನು. ಟಿಪ್ಪು ಅವನನ್ನು ಕರೆಸಿ, ಐಗೂರು ಸೀಮೆಯೆಂಬ ಒಂದು ಭಾಗವನ್ನು ಮಾತ್ರ ಅವನಿಗೆ ಬಿಟ್ಟು, ಉಳಿದುದನ್ನು ತನ್ನ ನೇರವಾದ ಆಡಳಿತಕ್ಕೆ ತೆಗೆದುಕೊಂಡನು. ಈ ಕಾಲದಲ್ಲಿ ಮಂಜರಾಬಾದಿನ ಕೋಟೆಗೆ ಇನ್ನೊಂದು ಮುಖವೂ ಇದ್ದಿತೆಂಬುದನ್ನು ಮರೆಯಬಾರದು. ಅದರ ಫಿರಂಗಿಗಳು ಘಟ್ಟದ ಕಡೆಗೆ ನೋಡಿದಂತೆಯೇ ಐಗೂರಿನ ಕಡೆಗೂ ನೋಡುತ್ತಿದ್ದುವು.

ಕೊನೆಯ ಅಂಕವು ಎಲ್ಲರಿಗೂ ತಿಳಿದಿರುವುದಾದರೂ ಅದರಲ್ಲಿ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಮುರುಕು ಹಡಗಿನಲ್ಲಿ ಮಂಗಳೂರಿಗೆ ಬಂದು, ಮಾರಿಷಸ್ ದ್ವೀಪದಲ್ಲಿ ದೊಡ್ಡ ದಂಡು ಸಿದ್ಧವಾಗಿದೆಯೆಂದು ನಂಬಿಸಿದನು. ಟಿಪ್ಪುವಿನ ದೂತರು ಗುಟ್ಟಾಗಿ ಅಲ್ಲಿಗೆ ಹೋದರೆ ದಂಡೂ ಇಲ್ಲ, ಗುಟ್ಟೂ ಉಳಿಯಲಿಲ್ಲ. ಅಲ್ಲಿನ ಗವರ್ನರ್ ಮಲಾರ್ತಿಕನು 1798ರ ಜನವರಿ 30ರಂದು, ಮೈಸೂರಿನ ಸುಲ್ತಾನನು ಇಂಗ್ಲಿಷರ ಮೇಲೆ ಯುದ್ಧಕ್ಕೆ ನಮ್ಮ ನೆರವನ್ನು ಕೇಳಿದ್ದಾನೆ, ಬರುವವರು ಬರಬಹುದು ಎಂಬರ್ಥದ ಪ್ರಕಟನೆಯನ್ನೇ ಅಚ್ಚುಹಾಕಿಸಿಬಿಟ್ಟನು. ಏಪ್ರಿಲ್ ಕೊನೆಯಲ್ಲಿ ಮಂಗಳೂರಿನಲ್ಲಿಳಿದವರು ನೂರಕ್ಕೆ ಕಡಮೆ ಜನ. ಆ ಪ್ರಕಟನೆಯ ಪ್ರತಿಯಾದರೋ ಬೇಗನೆ ಕಲ್ಕತ್ತೆಗೆ ಮುಟ್ಟಿ, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವಾಯಿತು. ಅದೇ ಅಕ್ಟೋಬರಿನಲ್ಲಿ ನಿಜಾಮನ ಬಳಿಯಿದ್ದ ಸಾವಿರಾರು ಸಿಪಾಯಿಗಳ ಫ್ರೆಂಚ್ ಪಡೆಯನ್ನು ಇಂಗ್ಲಿಷರು ನಿಶ್ಶಸ್ತ್ರಗೊಳಿಸಿದರು. ಈಜಿಪ್ಟಿನಿಂದ ಬೊನಪಾರ್ಟನು ಟಿಪ್ಪುವಿಗೆ ಬರೆದ ಕಾಗದವು ಜೆಡ್ಡಾದಲ್ಲಿ ಇಂಗ್ಲಿಷರ ಕೈಸೇರಿತು. ಅಫಘಾನಿಸ್ತಾನದ ಜಮಾನ್ ಷಹನು ಲಾಹೋರಿನವರೆಗೆ ಬಂದು ಹಿಂದಿರುಗಿದನು. ಹೀಗೆ ನಾಲ್ಕು ದಿಕ್ಕಿನಿಂದ ನಿರೀಕ್ಷಿಸಿದ ಸಹಾಯದಲ್ಲಿ ನಿಜವಾಗಿ ಬಂದುದು ಆ ನೂರಕ್ಕೆ ಕಡಮೆ ಜನ. ಅವರು ತಂದುದು ಶತ್ರುವಿಗೆ ಎಚ್ಚರಿಕೆ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಹೋರಾಡುತ್ತಲೇ ಮಡಿದನು. ಎಂಟು ಮೂಲೆಯ ನಕ್ಷತ್ರವು ತನ್ನ ಗುಡ್ಡದ ಮೇಲೆ ಆ ಯುದ್ಧದ ಗತಿಯನ್ನು ಒಂದು ಕೂದಲೆಳೆಯಷ್ಟೂ ಬದಲಿಸಲಿಲ್ಲ. ಬೊಂಬಾಯಿಯ ದಂಡು ಈ ಘಟ್ಟವನ್ನು ಹತ್ತಲೇ ಇಲ್ಲ. ಕೊಡಗಿನ ವೀರರಾಜೇಂದ್ರನ ಅನುಕೂಲದಿಂದ ದಕ್ಷಿಣದ ದಾರಿಯಲ್ಲಿ ಬಂದಿತು. ವೀರರಾಜೇಂದ್ರನು ಕೊಟ್ಟ ದಾರಿ, ಧಾನ್ಯ, ಹೊರೆಯಾಳುಗಳು ಕುಂಪಣಿಗೆ ಒಂದು ದಂಡಿಗೆ ಸಮವಾದುವು. ಅವನ ವಂಶದ ರಾಜ್ಯವನ್ನು ಅದೇ ಕುಂಪಣಿಯು 1834ರಲ್ಲಿ ತೆಗೆದುಕೊಂಡಿತು. ಇನ್ನೊಂದು ಮಾತು. ಫ್ರೆಂಚರು ಕೈಕೊಟ್ಟುದರಿಂದ ಮೈಸೂರು ಹೋಯಿತು ಎನ್ನುವವರು, ಕುಂಪಣಿಯ ಆ ದಂಡಿನಲ್ಲಿ ಬಿಳಿಯರು ಎಷ್ಟಿದ್ದರೆಂದು ಕೇಳಿಕೊಂಡಂತೆ ಕಾಣುವುದಿಲ್ಲ. ಹೆಚ್ಚಿನ ಪಾಲು ಈ ನೆಲದ ಸಿಪಾಯಿಗಳೇ. ಸಮುದ್ರದಾಚೆಯಿಂದ ಹತ್ತು ಸಾವಿರ ಜನರನ್ನು ಬೇಡಿದವನು ಸೋತನು. ಸಂಬಳವನ್ನು ತಪ್ಪದೆ ಕೊಟ್ಟು ಇಲ್ಲಿಯವರನ್ನೇ ದಂಡಿಗೆ ಸೇರಿಸಿದವನು ಗೆದ್ದನು.

ಮೈಸೂರಿನ ಸಿಂಹಾಸನವು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ಅದರೊಡನೆ ಸಹಾಯಕ ಸೈನ್ಯವೆಂಬುದೂ ಬಂದಿತು: ರಾಜ್ಯದ ರಕ್ಷಣೆಗೆ ಕುಂಪಣಿಯ ದಂಡು, ಅದರ ವೆಚ್ಚಕ್ಕೆ ವರ್ಷಂಪ್ರತಿ ಏಳು ಲಕ್ಷ ವರಹ, ಅಂದರೆ 24½ ಲಕ್ಷ ರೂಪಾಯಿ. ಟಿಪ್ಪುವಿಗೆ ದೊರೆಯದ ಪರಸಹಾಯವು ಒಡೆಯರಿಗೆ ಕೇಳದೆಯೇ ದೊರೆಯಿತು. ಈ ಹಣದ ಬಾಕಿಯ ಭಯವೂ 1831ರಲ್ಲಿ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಳ್ಳುವುದಕ್ಕೆ ಕಾರಣಗಳಲ್ಲಿ ಒಂದಾಯಿತು. ಐವತ್ತು ವರ್ಷಗಳ ಮೇಲೆ 1881ರಲ್ಲಿ ರಾಜ್ಯವು ಹಿಂದಕ್ಕೆ ಬಂದಾಗ ಗೊತ್ತುಮಾಡಿದ ಪೊಗದಿಯು 35 ಲಕ್ಷ ರೂಪಾಯಿಗೆ ಏರಿದ್ದಿತು.

ಉಕ್ರೇನಿನ ಚರಿತ್ರೆಯನ್ನು ಓದಿದವರಿಗೆ ಇಂತಹ ಕಥೆ ಹೊಸದಲ್ಲ. 1654ರಲ್ಲಿ ಕೊಸಾಕರ ನಾಯಕ ಖ್ಮೆಲ್ನಿತ್ಸ್ಕಿಯು ಪೋಲೆಂಡಿನವರನ್ನು ತಡೆಯಲು ಪೆರೆಯಾಸ್ಲಾವ್ ಎಂಬಲ್ಲಿ ಮಾಸ್ಕೋದ ದೊರೆಯ ಆಸರೆಯನ್ನು ಪಡೆದನು. ಆಸರೆಯು ಕ್ರಮೇಣ ಒಡೆತನವಾಯಿತು. ಅದರಿಂದ ಬಿಡಿಸಿಕೊಳ್ಳಲು ಮಜೇಪನೆಂಬ ಮುಂದಣ ನಾಯಕನು ಸ್ವೀಡನ್ನಿನ ದೊರೆಯ ಸಹಾಯವನ್ನು ಹಿಡಿದು, 1709ರಲ್ಲಿ ಪೊಲ್ಟಾವದ ಯುದ್ಧದಲ್ಲಿ ಇಬ್ಬರೂ ಸೋತರು. 1994ರಲ್ಲಿ ಬುಡಾಪೆಸ್ಟಿನಲ್ಲಿ ಉಕ್ರೇನು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿ, ಬದಲಿಗೆ ರಷ್ಯ, ಅಮೆರಿಕ, ಬ್ರಿಟನ್ನುಗಳಿಂದ ಗಡಿಯನ್ನು ಗೌರವಿಸುವ ಮಾತನ್ನು ಪಡೆಯಿತು. ಇಪ್ಪತ್ತು ವರ್ಷಗಳಲ್ಲಿ ಮಾತು ಕೊಟ್ಟವರಲ್ಲೊಬ್ಬನೇ ಕ್ರಿಮಿಯವನ್ನು ಕಿತ್ತುಕೊಂಡನು. ಆದರೆ 2022ರಿಂದೀಚೆಗೆ ನಡೆದುದು ಟಿಪ್ಪುವಿನ ಕಥೆಯ ಪುನರಾವೃತ್ತಿಯಲ್ಲವೆಂಬುದನ್ನೂ ಹೇಳಬೇಕು. ಆ ವರ್ಷ ಕೀವ್ ನಗರದ ಬಾಗಿಲಿನಿಂದ ರಷ್ಯರನ್ನು ಹಿಂದಟ್ಟಿದವರು ಮುಖ್ಯವಾಗಿ ಉಕ್ರೇನಿನವರೇ. ಭಾರಿಯ ಫಿರಂಗಿಗಳು ಹೇರಳವಾಗಿ ಬಂದುದು ಆಮೇಲೆ. ತಾವೇ ನಿಂತರೆಂಬುದನ್ನು ನೋಡಿದ ಮೇಲೆಯೇ ಸಹಾಯವು ಹೆಚ್ಚಿತು. ಮುಂದೆ ಅಮೆರಿಕದ ಶಾಸನಸಭೆಯಲ್ಲಿ ತಿಂಗಳುಗಟ್ಟಲೆ ವಾದ ನಡೆದು, ಸುಮಾರು 61 ಶತಕೋಟಿ ಡಾಲರುಗಳ ನೆರವು 2024ರ ಏಪ್ರಿಲಿನಲ್ಲಿ ಮಂಜೂರಾಗುವವರೆಗೆ, ಗುಂಡುಗಳನ್ನು ಎಣಿಸಿ ಹಾರಿಸುವ ಗತಿ ಅವರಿಗೆ ಬಂದಿತು.

ಇನ್ನು ನಮ್ಮ ನಾಯಕನ ಕಡೆಯ ಯುದ್ಧ. ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಲಮಿನ ಅರಸನು ಹೊಸ ಸರ್ಕಾರಕ್ಕೆ ತಲೆಬಾಗಲಿಲ್ಲ. ಈತನನ್ನು ಕೃಷ್ಣಪ್ಪನ ಮಗ ವೆಂಕಟಾದ್ರಿನಾಯಕನೆಂದು ಕೆಲವರೂ, ಕೃಷ್ಣಪ್ಪನಾಯಕನೆಂದೇ ಕೆಲವರೂ ಬರೆದಿದ್ದಾರೆ. ಇಂಗ್ಲಿಷರ ಕಾಗದಗಳಲ್ಲಿ ಅವನು ಬರಿಯ ‘ಬುಲ್ಲಮ್ಮಿನ ರಾಜ’. ಮಂಗಳೂರಿನ ದಾರಿಯನ್ನು ಅವನು ಕಡಿದುಹಾಕಿದನು. ಅವನಿಗೆ ನಕ್ಷತ್ರದ ಕೋಟೆಯಿಲ್ಲ, ಫ್ರೆಂಚ್ ಶಿಲ್ಪಿಯಿಲ್ಲ. ಇದ್ದುದು ಕಾಡು, ಬಿದಿರ ಮೆಳೆ, ಮುಳ್ಳುಬೇಲಿ, ಕಂದಕ, ಕೋವಿ ಹಿಡಿದ ಹಳ್ಳಿಗಳು. 1800ರ ಏಪ್ರಿಲಿನ ಮೊದಲಲ್ಲಿ ಅರಕೆರೆಯೆಂಬ ಅವನ ಠಾಣ್ಯದ ಮೇಲೆ ಬಿದ್ದ ಕುಂಪಣಿಯ ದಂಡು ಪೆಟ್ಟುತಿಂದು ಹಿಂದಿರುಗಿತು. ತಿಂಗಳ ಕೊನೆಯಲ್ಲಿ ಕರ್ನಲ್ ಮಾಂಟ್ರೆಸರನು ಹೆಚ್ಚಿನ ಬಲದೊಡನೆ ಬಂದು ಅದನ್ನು ಹಿಡಿದನು. ಆದರೆ ಸತ್ತವರೂ ಗಾಯಗೊಂಡವರೂ ಕೂಡಿ ನೂರಕ್ಕೆ ಮಿಕ್ಕಿ ಜನ ಬಿದ್ದರು. (ಈ ಅರಕೆರೆಯು ನಮ್ಮ ಮಲೆನಾಡಿನದು, 1791ರ ಯುದ್ಧದ ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲ. ಬರೆಯುವವರು ಇವೆರಡನ್ನು ಕಲಸುವುದುಂಟು.) ದಂಡು ತಿರುಗಿಹೋದ ಮೇಲೆ ನಾಯಕನು ಮತ್ತೆ ಕಾಡಿನಿಂದ ಹೊರಬಂದನು.

ಅವನಿಗೆ ಮಿತ್ರರಿರಲಿಲ್ಲವೇ? ಒಪ್ಪಂದ ಬರೆದು ಕೊಟ್ಟವರು ಇರಲಿಲ್ಲ. ಆದರೆ ಉತ್ತರದಲ್ಲಿ ಧೋಂಡಿಯಾ ವಾಘನು ಸಾವಿರಾರು ಕುದುರೆಯೊಡನೆ ಎದ್ದಿದ್ದನು. ದಕ್ಷಿಣದಲ್ಲಿ ವಯನಾಡಿನ ಪಳಶ್ಶಿಯ ರಾಜನು ಕಾಡಿನಲ್ಲಿ ಕಾದುತ್ತಿದ್ದನು. ಇವರು ಕುಂಪಣಿಯ ದಂಡನ್ನು ಹಂಚಿಹಾಕಿದ್ದಷ್ಟು ದಿನ ಬಲಮಿನವನು ಉಸಿರಾಡಿದನು. ಕೇಳದೆ ಬಂದ ಈ ಸಹಾಯವೇ, ನಮ್ಮ ಅಭಿಪ್ರಾಯದಲ್ಲಿ, ಟಿಪ್ಪುವಿಗೆ ಬಂದ ಎಲ್ಲ ಸಹಾಯಕ್ಕಿಂತ ದೊಡ್ಡದು. 1800ರ ಸೆಪ್ಟೆಂಬರ್ 10ರಂದು ಧೋಂಡಿಯನು ಸತ್ತನು. ಅವನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು, ಮುಂದೆ ವಾಟರ್ಲೂನಲ್ಲಿ ಬೊನಪಾರ್ಟನನ್ನೇ ಸೋಲಿಸಿದ ವೆಲ್ಲಿಂಗ್ಟನ್ನನನ್ನು, ಮೇಲಧಿಕಾರಿಗಳು ಸಿಂಹಳದ ಕಡೆಗೆ ಕಳುಹಿಸಿದುದರಿಂದ ನಾಯಕನಿಗೆ ಇನ್ನೊಂದು ವರ್ಷ ದೊರೆಯಿತು.

1802ರ ಜನವರಿಯಲ್ಲಿ ವೆಲ್ಲೆಸ್ಲಿಯು ತಾನೇ ಬಂದನು. ಬೇಸಗೆಯ ಮೊದಲು, ಹಳ್ಳಗಳಲ್ಲಿ ನೀರೂ ಗದ್ದೆಗಳಲ್ಲಿ ಹುಲ್ಲೂ ಇರುವ ಕಾಲವನ್ನು ನೋಡಿಯೇ ಬಂದನು. ಜನವರಿ 16ರಂದು ಮೂರು ಕಡೆಯಿಂದ ಅರಕೆರೆಯ ಕಾಡನ್ನು ಹೊಕ್ಕು ಠಾಣ್ಯವನ್ನು ಹಿಡಿದನು. ಹಿಂದೆ ಪೂರ್ಣಯ್ಯನವರ ಮೈಸೂರು ಕುದುರೆಗಳು ಓಡುವವರ ದಾರಿಗಳನ್ನು ಕಟ್ಟಿನಿಂತಿದ್ದುವು. ಟಿಪ್ಪುವಿನ ಬೊಕ್ಕಸವನ್ನು ನೋಡಿಕೊಂಡಿದ್ದ ಅದೇ ಪೂರ್ಣಯ್ಯನವರು. ಬಲಮಿನ ದಾರಿ, ದಿಣ್ಣೆ, ಪಟೇಲರ ಹೆಸರುಗಳು ಅವರಿಗೆ ಮೊದಲೇ ಗೊತ್ತು. ಊರುಗಳ ಬೇಲಿಗಳನ್ನು ಕಡಿಸಿ, ಕಂದಕಗಳನ್ನು ಮುಚ್ಚಿಸಿ, ಕೋವಿಗಳನ್ನು ಒಪ್ಪಿಸಿಕೊಂಡರು. ಬಯಲ ಕಡೆಯ ಅಕ್ಕಿ ಕಾಡಿಗೆ ಹೋಗದಂತಾಯಿತು. ಫೆಬ್ರವರಿಯಲ್ಲಿ ನಾಯಕನು ಕೆಲವರೇ ಸಂಗಡಿಗರೊಡನೆ ಸಿಕ್ಕಿಬಿದ್ದನು. ವಿಚಾರಣೆಯೆಂಬುದು ಹೆಸರಿಗೂ ಹೆಚ್ಚು ಕಾಲ ನಡೆದಂತಿಲ್ಲ. ಸಿಕ್ಕಿದ ಬೆನ್ನಿಗೇ, ಸಂಗಡಿಗರೊಡನೆ, ಅವನನ್ನು ಗಲ್ಲಿಗೇರಿಸಿದರು. ಕುಂಪಣಿಯ ಲೆಕ್ಕದಲ್ಲಿ ಅವನು ದಂಗೆಕೋರ. ನೂರಾರು ವರ್ಷ ಈ ನಾಡುಗಳನ್ನಾಳಿದ ಮನೆತನದವನು ತನ್ನ ನಾಡನ್ನು ಬಿಡೆನೆಂದುದಕ್ಕೆ ಆ ಹೆಸರು ಒಪ್ಪುವುದೇ ಎಂಬುದನ್ನು ವಾಚಕರೇ ನೋಡಿಕೊಳ್ಳಲಿ.

ಆಮೇಲೆ ಇಲ್ಲಿ ನಡೆದ ಮೊದಲ ಕೆಲಸವು ದಾರಿಗಳದು. ಮತ್ತೊಬ್ಬನು ಕಾಡಿನಲ್ಲಿ ನೆಲೆಯೂರದಂತೆ ಬಲಂ ಸೀಮೆಯನ್ನು ಸೀಳಿ ಬಂಡಿಯೂ ಫಿರಂಗಿಯೂ ಹೋಗುವ ದಾರಿಗಳನ್ನು ಕಡಿಸಿದರು. 1840ರ ದಶಕದಲ್ಲಿ ಮಂಜರಾಬಾದಿಗೆ ಬಂದ ಬಿಳಿಯ ಕಾಫಿ ತೋಟಗಾರರಿಗೆ ಈ ನಾಡು ಆಗಲೇ ತೆರೆದಿದ್ದಿತು. ಅವರ ಕಾಫಿಯ ಮೂಟೆಗಳು ಟಿಪ್ಪುವು ಕಾಯಲು ಬಯಸಿದ ಅದೇ ಘಟ್ಟವನ್ನು ಇಳಿದು, ಅವನ ನೂರಕ್ಕೆ ಕಡಮೆ ಫ್ರೆಂಚರು ಬಂದಿಳಿದ ಅದೇ ಮಂಗಳೂರಿನ ರೇವಿಗೆ ಹೋದುವು.